ಕಂಪ್ಯೂಟರಿಗೆ ಜೋಡಿಸಿದ ಮೇಲೆ ಸಿಂಥಸೈಜರಿನ ಸದ್ದು ಕೆಟ್ಟರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನ ಹಾರ್ಡ್‌ವೇರ್ ಸಿಂಥಸೈಜರನ್ನು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೂ, ಅದರ ಹೆಡ್‌ಫೋನ್ ಜಾಕಿನಿಂದ ಹೊರಡುವ ಒಂದು ಕೇಬಲಿನಿಂದ ಕಂಪ್ಯೂಟರಿಗೆ ಸದ್ದನ್ನು ಒಳಬಿಟ್ಟು ಹೊರತರುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿಗೂ ಜೋಡಿಸಿದ್ದೇನೆ. ಕಂಪ್ಯೂಟರಿನ ನಂಟಿಲ್ಲದೆ ಹೆಡ್‌ಫೋನಿನಲ್ಲಿ ಕೇಳಿದಾಗ ಸದ್ದು ತುಂಬಾ ಚೆನ್ನಾಗಿದೆ. ಜೋಡಿಸಿದ ಮೇಲೆ ಸದ್ದು ತೆಳ್ಳಗಾಗುತ್ತದೆ, ಹಿನ್ನೆಲೆಯಲ್ಲಿ ಸಣ್ಣ ಕೀರಲು ದನಿ ಬಿಡದೆ ಕೇಳುತ್ತದೆ, ರೆಕಾರ್ಡಿಂಗ್ ತಂತ್ರಾಂಶ ತೆರೆದರೆ ಪ್ರತಿ ಸ್ವರವೂ ಎರಡೆರಡು ಬಾರಿ ನುಡಿದಂತಾಗುತ್ತದೆ. ಹಳೆಯ ಕೆಲವು ಪ್ರಾಜೆಕ್ಟುಗಳನ್ನು ತೆರೆದಾಗ ಸದ್ದೇ ಬರುವುದಿಲ್ಲ. ಕೇಬಲ್ ಬದಲಾಯಿಸಿದೆ, ಡ್ರೈವರನ್ನು ಅಳಿಸಿ ಮತ್ತೆ ಹಾಕಿದೆ, ಪ್ರಯೋಜನವಾಗಲಿಲ್ಲ. ವಾದ್ಯವೇ ಕೆಟ್ಟಿದೆಯೇ?

ಉತ್ತರ: ವಾದ್ಯ ಕೆಟ್ಟಿಲ್ಲ. ಒಂಟಿಯಾಗಿದ್ದಾಗ ಸರಿಯಾಗಿ ನುಡಿಯುತ್ತದೆ ಎಂದು ನೀವೇ ಬರೆದಿರುವುದರಿಂದ ಅದರೊಳಗಿನ ಸ್ವರ ಹುಟ್ಟಿಸುವ ಭಾಗವನ್ನು ಅನುಮಾನದಿಂದ ಹೊರಗಿಡಬಹುದು. ನಿಮ್ಮ ನಾಲ್ಕೂ ದೂರುಗಳು ಒಟ್ಟಿಗೆ ಕಾಣಿಸಿಕೊಂಡಿರುವುದರಿಂದ ಅವುಗಳಿಗೆ ಒಂದೇ ಮೂಲವಿರಬೇಕೆಂದು ನೀವು ಭಾವಿಸಿದಂತಿದೆ. ಡ್ರೈವರನ್ನು ಮತ್ತೆ ಹಾಕಿದ್ದೂ ಆ ಊಹೆಯಿಂದಲೇ ಇರಬೇಕು. ನನ್ನ ಅಭಿಪ್ರಾಯದಲ್ಲಿ ಇವು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ದೋಷಗಳು, ಮತ್ತು ಅವುಗಳಲ್ಲಿ ಒಂದಕ್ಕೂ ಡ್ರೈವರ್ ಕಾರಣವಲ್ಲ.

ಹುಡುಕಾಟಕ್ಕೆ ಮೊದಲು ಒಂದು ಭೇದವನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿಮ್ಮ ಸಿಂಥಸೈಜರಿಗೂ ಕಂಪ್ಯೂಟರಿಗೂ ನಡುವೆ ಎರಡು ದಾರಿಗಳಿವೆ: ಒಂದು ಮಿಡಿ ಸಂದೇಶಗಳದು, ಇನ್ನೊಂದು ಸದ್ದಿನದು. 1983ರಲ್ಲಿ ಬಳಕೆಗೆ ಬಂದ ಮಿಡಿ ವ್ಯವಸ್ಥೆಯಲ್ಲಿ ಸದ್ದು ಹರಿಯುವುದೇ ಇಲ್ಲ; ಯಾವ ಕೀಲಿಯನ್ನು ಎಷ್ಟು ಜೋರಾಗಿ ಒತ್ತಲಾಯಿತು, ಯಾವಾಗ ಬಿಡಲಾಯಿತು, ಯಾವ ಗುಂಡಿ ಎಷ್ಟು ತಿರುಗಿತು ಎಂಬ ಮಾಹಿತಿ ಮಾತ್ರ ಹರಿಯುತ್ತದೆ. ಯುಎಸ್‌ಬಿ ಕೇಬಲಿನಲ್ಲಿ ಸಾಮಾನ್ಯವಾಗಿ ಓಡಾಡುವುದೂ ಇದೇ. ಸದ್ದು ಬರುವುದು ಜಾಕಿನಿಂದ ಇಂಟರ್‌ಫೇಸಿಗೆ ಹೋಗುವ ಕೇಬಲಿನಲ್ಲಿ. ಯುಎಸ್‌ಬಿಯಲ್ಲೇ ಸದ್ದನ್ನೂ ಕಳುಹಿಸುವ ವಾದ್ಯಗಳಿವೆ, ಆದರೆ ಅವುಗಳಲ್ಲಿಯೂ ಕಂಪ್ಯೂಟರು ಆಡಿಯೊ ಸಾಧನವನ್ನೂ ಮಿಡಿ ಸಾಧನವನ್ನೂ ಬೇರೆಬೇರೆಯಾಗಿಯೇ ಪಟ್ಟಿ ಮಾಡುತ್ತದೆ, ಮತ್ತು ಒಂದು ಕೆಲಸ ಮಾಡುತ್ತಿದೆ ಎಂದಮಾತ್ರಕ್ಕೆ ಇನ್ನೊಂದೂ ಕೆಲಸ ಮಾಡುತ್ತಿದೆ ಎಂದರ್ಥವಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಹೀಗಿರಲಿ. ಯುಎಸ್‌ಬಿ ಕೇಬಲನ್ನು ಹಾಗೆಯೇ ಬಿಟ್ಟು, ರೆಕಾರ್ಡಿಂಗ್ ತಂತ್ರಾಂಶವನ್ನೂ ತೆರೆದಿಟ್ಟು, ಇಂಟರ್‌ಫೇಸಿಗೆ ಹೋಗುವ ಕೇಬಲನ್ನು ಕಿತ್ತು, ಹೆಡ್‌ಫೋನನ್ನು ನೇರವಾಗಿ ಸಿಂಥಸೈಜರಿಗೆ ಚುಚ್ಚಿ ನುಡಿಸಿ. ಆಗಲೂ ಕೇಳಿಸುವ ದೋಷ ಮಿಡಿ ದಾರಿಯದು. ಆಗ ಮಾಯವಾಗುವ ದೋಷ ಸದ್ದಿನ ದಾರಿಯದು, ಅಂದರೆ ಜಾಕು, ಕೇಬಲು, ಇಂಟರ್‌ಫೇಸು ಅಥವಾ ತಂತ್ರಾಂಶದ ಆಡಿಯೊ ಹೊಂದಿಕೆಯದು. ಸ್ವರಗಳು ಎರಡೆರಡಾಗುವುದು ಮತ್ತು ಕೆಲವು ಪ್ರಾಜೆಕ್ಟುಗಳಲ್ಲಿ ಸದ್ದು ನಿಲ್ಲುವುದು ಹೆಡ್‌ಫೋನಿನಲ್ಲೂ ಉಳಿಯುತ್ತವೆ, ತೆಳುವಾಗುವುದು ಮತ್ತು ಕೀರಲು ದನಿ ಹೋಗುತ್ತವೆ ಎಂದು ನಾನು ನಿರೀಕ್ಷಿಸುತ್ತೇನೆ.

ಸದ್ದು ತೆಳ್ಳಗಾಗಿರುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಹೆಡ್‌ಫೋನ್ ಜಾಕಿನಿಂದ ಒಂದೇ ಕೇಬಲನ್ನು ಇಂಟರ್‌ಫೇಸಿನ ಒಂದು ಇನ್‌ಪುಟ್ಟಿಗೆ ತಂದಿದ್ದೀರಿ. ಆ ಕೇಬಲಿನ ಪ್ಲಗ್ಗಿನಲ್ಲಿ ಎರಡು ಕಪ್ಪು ಪಟ್ಟಿಗಳಿದ್ದರೆ ಅದು ಟಿಆರ್‌ಎಸ್ ಕೇಬಲು. ಹೆಡ್‌ಫೋನ್ ಜಾಕು ಅದರ ತುದಿಯಲ್ಲಿ ಎಡಕಿವಿಯ ಸದ್ದನ್ನೂ ನಡುವಿನ ಉಂಗುರದಲ್ಲಿ ಬಲಕಿವಿಯ ಸದ್ದನ್ನೂ ಕಳುಹಿಸುತ್ತದೆ. ಇಂಟರ್‌ಫೇಸಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಇದು ಸ್ಟೀರಿಯೊ ಎಂದು ತಿಳಿಯುವುದಿಲ್ಲ. ಅದು ತುದಿಯ ಸಂಕೇತದಿಂದ ಉಂಗುರದ ಸಂಕೇತವನ್ನು ಕಳೆದು, ಉಳಿದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಹಾದಿಯಲ್ಲಿ ಎರಡೂ ತಂತಿಗಳಿಗೆ ಸಮನಾಗಿ ತಗುಲಿದ ಗದ್ದಲವನ್ನು ಕಳೆಯುವುದಕ್ಕೆಂದೇ ಇರುವ ಈ ಏರ್ಪಾಡು, ಇಲ್ಲಿ ಎಡಬಲಗಳೆರಡರಲ್ಲೂ ಸಮನಾಗಿರುವ ನಿಮ್ಮ ಸಂಗೀತವನ್ನೇ ಕಳೆದುಹಾಕುತ್ತದೆ. ಮಂದ್ರದ ಸ್ವರಗಳು ಸಾಮಾನ್ಯವಾಗಿ ನಡುವಿನಲ್ಲೇ ಇರುವುದರಿಂದ ಅವು ಮೊದಲು ಹೋಗುತ್ತವೆ, ಮತ್ತು ಕೋರಸ್ ಹಾಗೂ ರಿವರ್ಬಿನಂತಹ ಎಡಬಲಗಳಲ್ಲಿ ಬೇರೆಬೇರೆಯಾಗಿರುವ ಅಂಶಗಳು ಮಾತ್ರ ಉಳಿದು ಸದ್ದು ಬೆನ್ನೆಲುಬಿಲ್ಲದಂತಾಗುತ್ತದೆ. ಪೂರ್ತಿ ಮೋನೊ ಆಗಿರುವ, ಅಂದರೆ ಎಡಬಲಗಳಲ್ಲಿ ಒಂದೇ ಸದ್ದಿರುವ ಪ್ಯಾಚ್ (ವಾದ್ಯದಲ್ಲಿ ಉಳಿಸಿಟ್ಟ ಸದ್ದಿನ ಹೊಂದಿಕೆ) ನುಡಿಸಿದರೆ ಬಹುತೇಕ ಏನೂ ಕೇಳಿಸದಿರುವುದು ಈ ದೋಷದ ಖಚಿತ ಗುರುತು.

ಪರಿಹಾರ ಸರಳ. ಹೆಡ್‌ಫೋನ್ ಜಾಕನ್ನು ಹೆಡ್‌ಫೋನಿಗೆ ಬಿಟ್ಟು, ವಾದ್ಯದ ಮುಖ್ಯ ಎಡ ಮತ್ತು ಬಲ ಔಟ್‌ಪುಟ್ಟುಗಳಿಂದ ಎರಡು ಪ್ರತ್ಯೇಕ ಕೇಬಲುಗಳನ್ನು ಇಂಟರ್‌ಫೇಸಿನ ಎರಡು ಲೈನ್ ಇನ್‌ಪುಟ್ಟುಗಳಿಗೆ ಹಾಕಿ. ಮೋನೊ ಸಾಕೆಂದರೆ ಎಡ ಜಾಕಿನಿಂದ ಮಾತ್ರ ತೆಗೆಯಿರಿ. ಬಲ ಜಾಕು ಖಾಲಿ ಇದ್ದಾಗ ಎರಡನ್ನೂ ಸೇರಿಸಿ ಎಡದಲ್ಲೇ ಕೊಡುವ ವ್ಯವಸ್ಥೆ ಹೆಚ್ಚಿನ ವಾದ್ಯಗಳಲ್ಲಿದ್ದು, ಆ ಜಾಕಿನ ಪಕ್ಕದಲ್ಲಿ ಮೋನೊ ಎಂದು ಬರೆದಿರುತ್ತದೆ. ವಾದ್ಯಕ್ಕೆ ಹೆಡ್‌ಫೋನ್ ಜಾಕೊಂದೇ ಇದ್ದರೆ, ಒಂದು ಸ್ಟೀರಿಯೊ ಪ್ಲಗ್ಗಿನಿಂದ ಎರಡು ಮೋನೊ ಪ್ಲಗ್ಗುಗಳಾಗಿ ಕವಲೊಡೆಯುವ ಕೇಬಲು ಬೇಕು.

ಕೇಬಲುಗಳನ್ನು ಬದಲಿಸುವಾಗಲೇ ಲೆವೆಲ್ಲನ್ನೂ ಸರಿಪಡಿಸಿಕೊಳ್ಳಿ. ಇಂಟರ್‌ಫೇಸಿನಲ್ಲಿ ಗಿಟಾರಿನ ಚಿತ್ರವಿರುವ ಅಥವಾ ಇನ್‌ಸ್ಟ್ರುಮೆಂಟ್ ಎಂಬ ಸ್ವಿಚ್ಚು ಒತ್ತಿರುವ ಇನ್‌ಪುಟ್ಟು ಗಿಟಾರಿನ ದುರ್ಬಲ ಸಂಕೇತಕ್ಕಾಗಿ ಮಾಡಿದ್ದು. ಸಿಂಥಸೈಜರಿನ ಲೈನ್ ಲೆವೆಲ್ ಅಲ್ಲಿ ಸುಲಭವಾಗಿ ಒಡೆಯುತ್ತದೆ. ಲೈನ್ ಲೆವೆಲ್ಲಿನಲ್ಲಿಯೂ ಎರಡು ಬಗೆಗಳಿದ್ದು, ವೃತ್ತಿಪರ ಸಾಧನಗಳ +4 ಡಿಬಿಯು ಸುಮಾರು 1.23 ವೋಲ್ಟಿಗೂ, ಗೃಹಬಳಕೆಯ ಸಾಧನಗಳ -10 ಡಿಬಿವಿ ಸುಮಾರು 0.32 ವೋಲ್ಟಿಗೂ ಸಮ. ಎರಡರ ಅಂತರ ಹೆಚ್ಚುಕಡಿಮೆ 12 ಡೆಸಿಬೆಲ್. ವಾದ್ಯದ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲಿಟ್ಟು, ಇಂಟರ್‌ಫೇಸಿನ ಗೇನ್ ಗುಂಡಿಯಿಂದ ಹೊಂದಿಸಿ, ನೀವು ನುಡಿಸುವ ಅತಿ ಜೋರಿನ ಭಾಗದಲ್ಲಿ ಮೀಟರು -12 ಡೆಸಿಬೆಲ್ಲಿನ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಂಡರೆ ಸಾಕು. ಇದಕ್ಕೆ ವಿರುದ್ಧವಾಗಿ ವಾದ್ಯದ ವಾಲ್ಯೂಮನ್ನು ಕಾಲುಭಾಗಕ್ಕಿಳಿಸಿ ಗೇನನ್ನು ಏರಿಸುವವರಿಗೆ ಸಂಗೀತದ ಜೊತೆ ಹಿಸ್ ಎಂಬ ಸದ್ದೂ ಉಚಿತವಾಗಿ ಸಿಗುತ್ತದೆ.

ಇನ್ನು ಕೀರಲು ದನಿ. ಯುಎಸ್‌ಬಿ ಕೇಬಲನ್ನು ಮಾತ್ರ ಕಿತ್ತು ಕೇಳಿ. ದನಿ ಒಡನೆಯೇ ನಿಂತರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರಿನ ಗ್ರೌಂಡ್ ಯುಎಸ್‌ಬಿ ಕೇಬಲಿನ ಮೂಲಕ ಸಿಂಥಸೈಜರನ್ನು ಮುಟ್ಟುತ್ತದೆ, ಅಲ್ಲಿಂದ ಆಡಿಯೊ ಕೇಬಲಿನ ಹೊರಕವಚದ ಮೂಲಕ ಇಂಟರ್‌ಫೇಸಿಗೆ ಬರುತ್ತದೆ, ಇಂಟರ್‌ಫೇಸಿನ ಯುಎಸ್‌ಬಿಯಿಂದ ಮತ್ತೆ ಕಂಪ್ಯೂಟರಿಗೇ ಸೇರುತ್ತದೆ. ಹೀಗೆ ಮುಚ್ಚಿದ ಈ ಸುತ್ತಿನಲ್ಲಿ ಸಣ್ಣ ವಿದ್ಯುತ್ ಹರಿಯತೊಡಗುತ್ತದೆ. ಆಡಿಯೊ ಕೇಬಲಿನ ಹೊರಕವಚವೇ ಸಂಗೀತದ ಸಂಕೇತಕ್ಕೆ ಮರಳುದಾರಿಯೂ ಆಗಿರುವುದರಿಂದ, ಅಲ್ಲಿ ಹರಿದದ್ದೆಲ್ಲ ಸದ್ದಾಗಿ ಕೇಳಿಸುತ್ತದೆ. ಸುತ್ತಿನೊಳಗೆ ಬಂದಿರುವುದು ಗೋಡೆಯ ವಿದ್ಯುತ್ತಾದರೆ 50 ಅಥವಾ 60 ಹರ್ಟ್ಝ್ ಮತ್ತು ಅದರ ಗುಣಕಗಳ ಗುಂಯ್‌ಗುಡುವಿಕೆ ಕೇಳುತ್ತದೆ. ಕಂಪ್ಯೂಟರಿನ ಒಳಗಿನ ಚಟುವಟಿಕೆಯಾದರೆ ನೀವು ಹೇಳುವಂತಹ ಕೀರಲು ದನಿ ಕೇಳುತ್ತದೆ, ಮೌಸ್ ಸರಿಸಿದಾಗ ಅಥವಾ ಪರದೆಯ ಮೇಲೆ ಏನಾದರೂ ಓಡಿದಾಗ ಅದು ಬದಲಾಗುತ್ತದೆ. ಯುಎಸ್‌ಬಿಯ ಫುಲ್-ಸ್ಪೀಡ್ ಬಗೆಯಲ್ಲಿ ಸೆಕೆಂಡಿಗೆ 1000 ಬಾರಿಯೂ ಹೈ-ಸ್ಪೀಡ್ ಬಗೆಯಲ್ಲಿ 8000 ಬಾರಿಯೂ ಮಾಹಿತಿಯ ಕಂತುಗಳು ಶುರುವಾಗುತ್ತವೆ. ಆ ಎರಡೂ ಆವರ್ತನಗಳು ಕಿವಿಗೆ ಚೆನ್ನಾಗಿ ಕೇಳಿಸುವ ವ್ಯಾಪ್ತಿಯಲ್ಲೇ ಇರುವುದು ನಮ್ಮ ದುರದೃಷ್ಟ.

ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿಯೂ ನೋಡಿ. ದನಿ ಗಮನಾರ್ಹವಾಗಿ ಇಳಿದರೆ ಚಾರ್ಜರಿನ ಮೂಲಕವೂ ಒಂದು ಸುತ್ತು ಮುಚ್ಚಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಎಲ್ಲ ಸಾಧನಗಳನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕುವುದು ಖರ್ಚಿಲ್ಲದ ಉಪಾಯ; ಗುಂಯ್‌ಗುಡುವಿಕೆಗೆ ಅದು ಹಲವೊಮ್ಮೆ ಸಾಕಾಗುತ್ತದೆ, ಕೀರಲು ದನಿಗೆ ಸಾಲದು. ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವ ಅಥವಾ ಟೇಪು ಸುತ್ತಿ ಮುಚ್ಚುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಒಳಗಡೆ ತಂತಿಯೊಂದು ಸಡಿಲಗೊಂಡು ಲೋಹದ ಹೊರಮೈಗೆ ತಗುಲಿದ ದಿನ ಆ ಪಿನ್ನೇ ನಿಮ್ಮ ಪ್ರಾಣ ಕಾಯಬೇಕಾದದ್ದು. ಚಿನ್ನದ ಲೇಪವಿರುವ ಪ್ಲಗ್ಗುಗಳು, ಕೇಬಲಿಗೆ ತೊಡಿಸುವ ಫೆರೈಟ್ ಉಂಗುರಗಳು ಇಲ್ಲಿ ನೆರವಾಗುವುದಿಲ್ಲ. ಫೆರೈಟ್ ತಡೆಯುವುದು ರೇಡಿಯೊ ಆವರ್ತನಗಳನ್ನು, ಕಿವಿಗೆ ಕೇಳುವ ಆವರ್ತನಗಳನ್ನಲ್ಲ.

ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಲೇಬೇಕು. ಅದಕ್ಕೆ ನಾನು ಮೊದಲು ಸೂಚಿಸುವುದು ಹಳೆಯ ಐದು ಪಿನ್ನಿನ ಮಿಡಿ ಕೇಬಲನ್ನು. ಅದರ ಮೂಲ ನಿಯಮಗಳಲ್ಲಿಯೇ ಸ್ವೀಕರಿಸುವ ಕಡೆ ಆಪ್ಟೊಕಪ್ಲರ್ ಇರಬೇಕೆಂದು ಹೇಳಲಾಗಿದೆ. ಸಂದೇಶವು ಬೆಳಕಾಗಿ ಮಾರ್ಪಟ್ಟು ಸಣ್ಣದೊಂದು ಅಂತರವನ್ನು ದಾಟುತ್ತದೆ, ಎರಡು ಸಾಧನಗಳ ನಡುವೆ ವಿದ್ಯುತ್ ಸಂಪರ್ಕವೇ ಏರ್ಪಡುವುದಿಲ್ಲ. ನಲವತ್ತು ವರ್ಷ ದಾಟಿದ ಈ ಜೋಡಣೆ, ಸದ್ದಿನ ಶುದ್ಧತೆಯ ವಿಷಯದಲ್ಲಿ ಯುಎಸ್‌ಬಿಗಿಂತ ಇಂದಿಗೂ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಒಂದು ಸ್ವರದ ಸಂದೇಶಕ್ಕೆ ಅದು ಸುಮಾರು 1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಬ್ಬರು ನುಡಿಸುವುದಕ್ಕೆ ಇದು ಧಾರಾಳವಾಯಿತು. ನಿಮ್ಮ ಇಂಟರ್‌ಫೇಸಿನಲ್ಲಿ ಮಿಡಿ ಜಾಕುಗಳಿದ್ದರೆ ಎರಡು ಕೇಬಲುಗಳಲ್ಲಿ ಕೆಲಸ ಮುಗಿಯುತ್ತದೆ: ವಾದ್ಯದ ಔಟ್‌ನಿಂದ ಇಂಟರ್‌ಫೇಸಿನ ಇನ್‌ಗೆ ಒಂದು, ಇಂಟರ್‌ಫೇಸಿನ ಔಟ್‌ನಿಂದ ವಾದ್ಯದ ಇನ್‌ಗೆ ಇನ್ನೊಂದು. ವಾದ್ಯದಲ್ಲಿ ಐದು ಪಿನ್ನಿನ ಬದಲು 3.5 ಮಿಲಿಮೀಟರಿನ ಸಣ್ಣ ಜಾಕಿದ್ದರೆ, ಅದರ ಅಡಾಪ್ಟರಿನಲ್ಲಿ ಟೈಪ್ ಎ ಮತ್ತು ಟೈಪ್ ಬಿ ಎಂಬ ಎರಡು ಬಗೆಗಳಿವೆ. 2018ರಲ್ಲಿ ಟೈಪ್ ಎ ಅನ್ನು ಪ್ರಮಾಣವಾಗಿ ಒಪ್ಪಲಾಯಿತು, ಆದರೆ ಅದಕ್ಕೂ ಹಿಂದಿನ ವಾದ್ಯಗಳಲ್ಲಿ ಟೈಪ್ ಬಿ ಕೂಡ ಇದೆ, ತಪ್ಪು ಅಡಾಪ್ಟರಿನಲ್ಲಿ ಒಂದು ಸಂದೇಶವೂ ದಾಟುವುದಿಲ್ಲ.

ಯುಎಸ್‌ಬಿಯನ್ನು ಬಿಡಲಾಗದಿದ್ದರೆ ಎರಡು ದಾರಿಗಳು ಉಳಿಯುತ್ತವೆ. ಸದ್ದಿನ ಕೇಬಲಿನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸನ್ನೋ ಲೈನ್ ಐಸೊಲೇಟರನ್ನೋ ಹಾಕಬಹುದು. ತೀರ ಅಗ್ಗದ ಟ್ರಾನ್ಸ್‌ಫಾರ್ಮರುಗಳು ಮಂದ್ರವನ್ನು ತಿಂದುಹಾಕುವುದರಿಂದ, ಬೇಸ್ ಸ್ವರಗಳನ್ನೇ ನೆಚ್ಚಿಕೊಂಡಿರುವ ಸಿಂಥಸೈಜರಿಗೆ ಇದನ್ನು ಆರಿಸುವಾಗ ಕೇಳಿ ನೋಡಿ ಕೊಳ್ಳಬೇಕು. ಇನ್ನೊಂದು, ಯುಎಸ್‌ಬಿ ಕೇಬಲಿನ ನಡುವೆ ಹಾಕುವ ಐಸೊಲೇಟರ್. ಇವುಗಳಲ್ಲಿ ಹಲವು ಸೆಕೆಂಡಿಗೆ 12 ಮೆಗಾಬಿಟ್‌ನ ಫುಲ್-ಸ್ಪೀಡ್ ವೇಗವನ್ನು ಮಾತ್ರ ಬಲ್ಲವು. ಮಿಡಿಗೆ ಅದು ಬೇಕಾದಷ್ಟಾಯಿತು, ಆದರೆ ಯುಎಸ್‌ಬಿಯಲ್ಲಿ ಅನೇಕ ಚಾನೆಲುಗಳ ಸದ್ದನ್ನೂ ಕಳುಹಿಸುವ ವಾದ್ಯ 480 ಮೆಗಾಬಿಟ್‌ನ ವೇಗವನ್ನು ಕೇಳಿದರೆ ಅಲ್ಲಿ ಸೋಲುತ್ತವೆ. ವಾದ್ಯವು ಯುಎಸ್‌ಬಿಯಿಂದಲೇ ವಿದ್ಯುತ್ತನ್ನೂ ಪಡೆಯುತ್ತಿದ್ದರೆ, ಐಸೊಲೇಟರು ಅಷ್ಟನ್ನು ಪೂರೈಸಬಲ್ಲದೇ ಎಂದೂ ನೋಡಿಕೊಳ್ಳಿ.

ಸ್ವರಗಳು ಎರಡೆರಡಾಗುವುದಕ್ಕೆ ಬರೋಣ. ನೀವು ಒಂದು ಕೀಲಿ ಒತ್ತಿದಾಗ ಅದರ ಸಂದೇಶ ವಾದ್ಯದೊಳಗೇ ಸ್ವರಭಾಗವನ್ನು ತಲುಪಿ ಸದ್ದಾಗುತ್ತದೆ. ಅದೇ ಸಂದೇಶ ಯುಎಸ್‌ಬಿಯ ಮೂಲಕ ತಂತ್ರಾಂಶಕ್ಕೂ ಹೋಗುತ್ತದೆ; ನೀವು ಆರಿಸಿರುವ ಟ್ರ್ಯಾಕಿನ ಔಟ್‌ಪುಟ್ಟು ಅದೇ ಸಿಂಥಸೈಜರಿಗೆ ಇರುವುದರಿಂದ ತಂತ್ರಾಂಶ ಅದನ್ನು ಹಿಂದಕ್ಕೆ ಕಳುಹಿಸುತ್ತದೆ, ಕೆಲವು ಮಿಲಿಸೆಕೆಂಡುಗಳ ನಂತರ ಅದೇ ಸ್ವರ ಇನ್ನೊಮ್ಮೆ ಹುಟ್ಟುತ್ತದೆ. ಎರಡೂ ಒಂದರ ಮೇಲೊಂದು ಬಿದ್ದಾಗ ಕೆಲವು ಆವರ್ತನಗಳು ಪರಸ್ಪರ ಅಳಿಸಿಕೊಂಡು ಸದ್ದು ಟೊಳ್ಳಾಗುತ್ತದೆ. ತಡ 5 ಮಿಲಿಸೆಕೆಂಡ್ ಆಗಿದ್ದು ಎರಡೂ ಸ್ವರಗಳು ಪೂರ್ತಿ ಒಂದೇ ತೆರನಾಗಿದ್ದರೆ 100, 300, 500 ಹರ್ಟ್ಝ್ ಹೀಗೆ ಸಾಲಾಗಿ ಅಳಿಯುತ್ತವೆ. ಒಂದು ಸ್ವರಕ್ಕೆ ಎರಡು ಧ್ವನಿಗಳು ಖರ್ಚಾಗುವ ಕಾರಣ, 16 ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲ ವಾದ್ಯ 8ಕ್ಕೇ ಸುಸ್ತಾಗಿ ಹಳೆಯ ಸ್ವರಗಳನ್ನು ಕತ್ತರಿಸುವುದನ್ನೂ ನೀವು ಗಮನಿಸಿರಬಹುದು.

ವಾದ್ಯದ ಗ್ಲೋಬಲ್ ಅಥವಾ ಸಿಸ್ಟಮ್ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಎಂಬ ಹೊಂದಿಕೆ ಇರುತ್ತದೆ. ಅದನ್ನು ಆಫ್ ಮಾಡಿದರೆ ಕೀಲಿಮಣೆಗೂ ಸ್ವರಭಾಗಕ್ಕೂ ಒಳಗಿನ ಸಂಪರ್ಕ ಕಡಿದು, ಸಂದೇಶಗಳು ತಂತ್ರಾಂಶದ ಮೂಲಕವೇ ಸುತ್ತಿ ಬರುತ್ತವೆ. ಯಾವಾಗಲೂ ಕಂಪ್ಯೂಟರಿನ ಜೊತೆಗೇ ಕೆಲಸ ಮಾಡುವವರಿಗೆ ಇದೇ ಸರಿ. ಆದರೆ ಕೆಲವು ವಾದ್ಯಗಳು ಈ ಹೊಂದಿಕೆಯನ್ನು ಸ್ವಿಚ್ ಆಫ್ ಆದ ಮೇಲೂ ನೆನಪಿಟ್ಟುಕೊಳ್ಳುತ್ತವೆ. ಮುಂದೊಂದು ದಿನ ಕಂಪ್ಯೂಟರಿಲ್ಲದೆ ನುಡಿಸಲು ಕುಳಿತಾಗ ಕೀಲಿಗಳೆಲ್ಲ ಮೂಕವಾಗಿದ್ದರೆ ಗಾಬರಿಯಾಗದೆ ಮೊದಲು ಇದನ್ನು ನೋಡಿ. ಎರಡು ಬಗೆಯಲ್ಲೂ ನುಡಿಸುವವರಾದರೆ ಲೋಕಲನ್ನು ಮುಟ್ಟದೆ, ತಂತ್ರಾಂಶದಲ್ಲಿ ಆ ಟ್ರ್ಯಾಕಿನ ಮಿಡಿ ಮಾನಿಟರನ್ನು (ಬಂದ ಸಂದೇಶವನ್ನು ವಾದ್ಯಕ್ಕೆ ಹಿಂದಕ್ಕೆ ಕಳುಹಿಸುವ ಆಯ್ಕೆ) ಆಫ್ ಮಾಡಿಕೊಳ್ಳಿ.

ಹೆಡ್‌ಫೋನನ್ನು ನೇರವಾಗಿ ವಾದ್ಯಕ್ಕೆ ಹಾಕಿದಾಗ ಎರಡೆರಡಾಗದೆ, ಇಂಟರ್‌ಫೇಸಿನಿಂದ ಕೇಳುವಾಗ ಮಾತ್ರ ಹಾಗಾಗುತ್ತಿದ್ದರೆ ಕಾರಣ ಬೇರೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಒಂದು ಪ್ರತಿಯನ್ನು ತಕ್ಷಣವೂ, ತಂತ್ರಾಂಶದ ಆಡಿಯೊ ಟ್ರ್ಯಾಕ್ ಇನ್ನೊಂದನ್ನು ತಡವಾಗಿಯೂ ಕೇಳಿಸುತ್ತಿರುತ್ತವೆ. ಒಂದನ್ನು ನಿಲ್ಲಿಸಿ. ನುಡಿಸುವವರಿಗೆ ಡೈರೆಕ್ಟ್ ಮಾನಿಟರನ್ನೇ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 256 ಸ್ಯಾಂಪಲುಗಳ ಬಫರ್ (ಸದ್ದನ್ನು ಕಂತುಗಳಾಗಿ ತುಂಬಿಸಿಟ್ಟುಕೊಳ್ಳುವ ಜಾಗ) ಒಂದು ದಿಕ್ಕಿಗೆ ಸುಮಾರು 5.3 ಮಿಲಿಸೆಕೆಂಡ್, 1024ರದು 21 ಮಿಲಿಸೆಕೆಂಡ್ ತಡ ಮಾಡುತ್ತದೆ, ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ ಅದು ಇಮ್ಮಡಿಯಾಗುತ್ತದೆ. ಬಫರನ್ನು ತೀರ ಇಳಿಸಿದರೆ ಚಟಪಟ ಸದ್ದು ಶುರುವಾದೀತು. ಆಗ ಒಂದು ಮೆಟ್ಟಿಲು ಮೇಲೇರಿಸಿ.

ಕೊನೆಯದು ಹಳೆಯ ಪ್ರಾಜೆಕ್ಟುಗಳ ಮೌನ. ಇದರಲ್ಲಿ ಊಹೆಗಿಂತ ಕಣ್ಣಿಗೆ ಕಾಣುವ ಸಾಕ್ಷಿ ಮುಖ್ಯ. ಓಡಾಡುವ ಸಂದೇಶಗಳನ್ನು ಸಾಲುಸಾಲಾಗಿ ತೋರಿಸುವ ಉಚಿತ ಮಿಡಿ ಮಾನಿಟರ್ ತಂತ್ರಾಂಶಗಳಿವೆ: ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್. ಪ್ರಾಜೆಕ್ಟು ತೆರೆದ ಗಳಿಗೆಯಲ್ಲಿ ಅಥವಾ ಪ್ಲೇ ಒತ್ತಿದ ಗಳಿಗೆಯಲ್ಲಿ ವಾದ್ಯಕ್ಕೆ ಏನು ಹೋಗುತ್ತಿದೆ ಎಂದು ನೋಡಿ. ಅನೇಕ ರೆಕಾರ್ಡಿಂಗ್ ತಂತ್ರಾಂಶಗಳಲ್ಲೇ ಇಂತಹ ಕಿಟಕಿಯೊಂದು ಇರುತ್ತದೆ. ನನ್ನ ಮೊದಲ ಅನುಮಾನ 7ನೆಯ ಕಂಟ್ರೋಲರಿನ (ಗುಂಡಿಗಳ ಹೊಂದಿಕೆಯನ್ನು ಸಾಗಿಸುವ, ಸಂಖ್ಯೆಯಿಟ್ಟ ಮಿಡಿ ಸಂದೇಶ) ಮೇಲೆ, ಅಂದರೆ ಚಾನೆಲ್ ವಾಲ್ಯೂಮ್. ಹಾಡಿನ ಕೊನೆಯಲ್ಲಿ ಸದ್ದನ್ನು ಮೆಲ್ಲಗೆ ಇಳಿಸಿ ಉಳಿಸಿದ ಪ್ರಾಜೆಕ್ಟು, ಮತ್ತೆ ತೆರೆದಾಗ ಆ ಸೊನ್ನೆಯನ್ನೇ ವಾದ್ಯಕ್ಕೆ ಕಳುಹಿಸಬಹುದು. ವಾದ್ಯದ ವಾಲ್ಯೂಮ್ ಗುಂಡಿ ಮೇಲೇ ಇರುತ್ತದೆ, ಸದ್ದು ಮಾತ್ರ ಇರುವುದಿಲ್ಲ. 11ನೆಯದಾದ ಎಕ್ಸ್‌ಪ್ರೆಶನ್ನೂ ಹೀಗೆಯೇ ಕಾಡುತ್ತದೆ. ಇಂತಹ ಹೊತ್ತಿನಲ್ಲಿ ಹಲವರು ಕಂಟ್ರೋಲರುಗಳನ್ನು ಮರುಹೊಂದಿಸುವ 121ನೆಯ ಸಂದೇಶವನ್ನು ಕಳುಹಿಸಿ, ಫಲ ಕಾಣದೆ ವಾದ್ಯವನ್ನೇ ದೂರುತ್ತಾರೆ. ಆ ಸಂದೇಶ ಎಕ್ಸ್‌ಪ್ರೆಶನ್ನನ್ನು ಮೇಲೆತ್ತುತ್ತದೆ, ವಾಲ್ಯೂಮನ್ನು ಮುಟ್ಟಬಾರದೆಂದು ಅದರ ಶಿಫಾರಸಿನಲ್ಲೇ ಇದೆ. ಟ್ರ್ಯಾಕಿನ ಆರಂಭದಲ್ಲಿ 7ನೆಯ ಕಂಟ್ರೋಲರಿಗೆ 100 ಎಂಬ ಬೆಲೆಯನ್ನು ನೀವೇ ಬರೆದಿಡುವುದು ಶಾಶ್ವತ ಪರಿಹಾರ.

ವಾಲ್ಯೂಮ್ ಸರಿಯಿದ್ದರೆ ಚಾನೆಲ್ ನೋಡಿ. 16 ಚಾನೆಲುಗಳಲ್ಲಿ ಟ್ರ್ಯಾಕು ಕಳುಹಿಸುವುದೂ ವಾದ್ಯ ಆಲಿಸುವುದೂ ಒಂದೇ ಆಗಿರಬೇಕು. ಪ್ರಾಜೆಕ್ಟಿನಲ್ಲಿ ಉಳಿದಿರುವ ಪ್ರೋಗ್ರಾಂ ಚೇಂಜ್ ಸಂದೇಶವು ವಾದ್ಯವನ್ನು ಖಾಲಿ ಪ್ಯಾಚಿಗೆ ಒಯ್ದಿರುವುದೂ ಉಂಟು. ಒತ್ತಿದ ಸ್ವರಗಳನ್ನು ತಾಳಕ್ಕೆ ಒಂದೊಂದಾಗಿ ನುಡಿಸುವ ಆರ್ಪೆಜಿಯೇಟರಿನ ಪ್ಯಾಚುಗಳು ಮಾತ್ರ ಮೌನವಾಗಿದ್ದರೆ ಕ್ಲಾಕ್ ಹೊಂದಿಕೆಯನ್ನು ನೋಡಿ: ಅದು ಎಕ್ಸ್‌ಟರ್ನಲ್ ಎಂದಿದ್ದು ತಂತ್ರಾಂಶ ಮಿಡಿ ಕ್ಲಾಕನ್ನು ಕಳುಹಿಸದಿದ್ದರೆ, ವಾದ್ಯ ಬಾರದ ತಾಳಕ್ಕಾಗಿ ಕಾದು ಕುಳಿತಿರುತ್ತದೆ. ಮಾನಿಟರಿನಲ್ಲಿ ಒಂದು ಸಾಲೂ ಕಾಣದಿದ್ದರೆ ಪೋರ್ಟಿನದೇ ತೊಂದರೆ. ವಿಂಡೋಸ್‌ನ ಹಲವು ಮಿಡಿ ಡ್ರೈವರುಗಳು ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶಕ್ಕೆ ಕೊಡುತ್ತವೆ; ಹಿನ್ನೆಲೆಯಲ್ಲಿ ತೆರೆದಿರುವ ಪ್ಯಾಚ್ ಎಡಿಟರೋ, ಮಿಡಿಗೆ ಅನುಮತಿ ಪಡೆದ ಬ್ರೌಸರಿನ ಪುಟವೋ ಅದನ್ನು ಹಿಡಿದುಕೊಂಡಿರಬಹುದು. ವಾದ್ಯವನ್ನು ಬೇರೆ ಯುಎಸ್‌ಬಿ ಕಿಂಡಿಗೆ ಬದಲಿಸಿದ್ದರೆ ಕಂಪ್ಯೂಟರು ಅದನ್ನು ಹೊಸ ಸಾಧನವೆಂದು ಎಣಿಸಿರುವ ಸಾಧ್ಯತೆಯಿದ್ದು, ಹಳೆಯ ಪ್ರಾಜೆಕ್ಟು ಈಗ ಇಲ್ಲದ ಹೆಸರಿಗೆ ಸಂದೇಶ ಕಳುಹಿಸುತ್ತಿರುತ್ತದೆ. ನಿಮ್ಮ ಹೊಸ ಪ್ರಾಜೆಕ್ಟುಗಳು ಕೆಲಸ ಮಾಡಿ ಹಳೆಯವು ಮಾತ್ರ ಮೌನವಾಗಿರುವುದರಿಂದ ಇದನ್ನೂ ತಳ್ಳಿಹಾಕಲಾರೆ. ಟ್ರ್ಯಾಕಿನ ಮಿಡಿ ಔಟ್‌ಪುಟ್ಟನ್ನು ಪಟ್ಟಿಯಿಂದ ಮತ್ತೊಮ್ಮೆ ಆರಿಸಿದರೆ ಸರಿಹೋಗುತ್ತದೆ.

ಇದಿಷ್ಟನ್ನೂ ಮಾಡುವ ಮೊದಲೇ ಫ್ಯಾಕ್ಟರಿ ರೀಸೆಟ್ಟಿಗೆ ಕೈ ಹಾಕಬೇಡಿ. ಅದು ಲೋಕಲ್, ಚಾನೆಲ್, ಕ್ಲಾಕ್ ಹೊಂದಿಕೆಗಳನ್ನು ಮೊದಲಿನಂತೆ ಮಾಡುವುದು ನಿಜ, ಆದರೆ ಹಲವು ವಾದ್ಯಗಳಲ್ಲಿ ನೀವು ಕಟ್ಟಿಕೊಂಡ ಪ್ಯಾಚುಗಳನ್ನೂ ಅಳಿಸುತ್ತದೆ. ಮಾಡಲೇಬೇಕಾದ ಸಂದರ್ಭ ಬಂದರೆ, ವಾದ್ಯದ ಡಂಪ್ ಅಥವಾ ಬ್ಯಾಕಪ್ ಆಯ್ಕೆಯಿಂದ ಎಲ್ಲ ಪ್ಯಾಚುಗಳನ್ನೂ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಆ ಕಡತದಿಂದ ಒಂದು ಪ್ಯಾಚನ್ನಾದರೂ ಮರಳಿ ವಾದ್ಯಕ್ಕೆ ತುಂಬಿಸಿ ನುಡಿಸಿ ನೋಡಿದ ಮೇಲೆ ಮಾಡಿ.